ಕೋಟೆ, ಆನೆ ಶಿಬಿರ, ಕಾಫಿ ಕಣ: ಮನೆಯಲ್ಲೇ ಓದುವ ಮಕ್ಕಳಿಗೆ ಕೊಡಗಿನಲ್ಲಿ ಯಾವುದು ಒಳ್ಳೆಯದು?

ಮಕ್ಕಳನ್ನು ಮನೆಯಲ್ಲೇ ಓದಿಸುವವರಿಗೆ ಶಾಲೆಯವರಿಗಿಲ್ಲದ ಅನುಕೂಲ ಒಂದಿದೆ. ಮಂಗಳವಾರ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟುಬಿಡಬಹುದು. ಕೊಡಗಿನಲ್ಲಂತೂ ಇದಕ್ಕೆ ಬೆಲೆ ಜಾಸ್ತಿ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಘಾಟಿ ಹತ್ತಿದ ಮೇಲೆ ಇಲ್ಲಿನ ಯಾವ ಜಾಗವೂ ಪಾಠಕ್ಕೆ ಒದಗುವುದಿಲ್ಲ, ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ನಾವಿರುವುದು ಕುಶಾಲನಗರದಲ್ಲಿ. ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ನಮ್ಮ ಹಾಗೆ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಮೈಸೂರು, ಬೆಂಗಳೂರು ಕಡೆಯ ಸ್ನೇಹಿತರು ಆಗಾಗ ಫೋನ್ ಮಾಡಿ, "ಎರಡು ದಿನ ಬರ್ತಿದೀವಿ, ಮಕ್ಕಳಿಗೆ ಏನು ತೋರಿಸೋಣ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ. ನನ್ನ ಅಳತೆ ಒಂದೇ: ಮನೆಗೆ ಬಂದ ಮೇಲೆ ಮಕ್ಕಳು ಯಾರೂ ಹೇಳದೆ ಅದರ ಬಗ್ಗೆ ಎಷ್ಟು ದಿನ ಕೇಳುತ್ತಿರುತ್ತಾರೆ ಎಂಬುದು. ಫೋಟೊ ಚೆನ್ನಾಗಿ ಬಂತೋ ಇಲ್ಲವೋ ಎಂಬುದಕ್ಕೆ ನನ್ನ ಹತ್ತಿರ ಅಂಕ ಇಲ್ಲ.

ಇತಿಹಾಸಕ್ಕೆ: ಕೋಟೆ, ಸನ್ನಿ ಸೈಡ್, ಗದ್ದಿಗೆ

ಮೂರೂ ಮಡಿಕೇರಿ ಪಟ್ಟಣದಲ್ಲೇ ಇವೆ. ಹೊರಗಿನಿಂದ ಬಂದವರು ಕೋಟೆ ನೋಡುತ್ತಾರೆ, ಕೊಡಗಿನ ರಾಜರ ಸಮಾಧಿಗಳಿರುವ ಗದ್ದಿಗೆ ಬಿಡುತ್ತಾರೆ. ಒಂದನ್ನೇ ನೋಡಲು ಸಮಯವಿದ್ದರೆ ನಾನು ಗದ್ದಿಗೆಗೇ ಹೋಗಿ ಅನ್ನುತ್ತೇನೆ.

ಕೋಟೆಯ ಕಥೆಯೇನೂ ಸಣ್ಣದಲ್ಲ. 17ನೇ ಶತಮಾನದಲ್ಲಿ ಕೊಡಗಿನ ದೊರೆ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ವಾಪಸ್ ಪಡೆದ. 1834ರಲ್ಲಿ ಕೊಡಗೇ ಇಂಗ್ಲಿಷರ ಕೈಗೆ ಹೋಯಿತು, ಅವರು ಕೋಟೆಯೊಳಗೆ ಒಂದು ಚರ್ಚ್ ಕಟ್ಟಿದರು. ಆ ಚರ್ಚೇ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಓದಲು ಇದೆಲ್ಲ ಸೊಗಸು. ಆದರೆ ಅಲ್ಲಿ ನಿಂತಾಗ ಎಂಟು ವರ್ಷದವನಿಗೆ ಕಾಣುವುದು ಅರಮನೆ ಹೊರಗಿನ ಎರಡು ಗಾರೆ ಆನೆಗಳು ಮಾತ್ರ. ಚಿಕ್ಕವನು ಅವುಗಳ ಸುತ್ತ ಓಡಿದ, ಅಲ್ಲಿಗೆ ಅವನ ಇತಿಹಾಸ ಮುಗಿಯಿತು. ದೊಡ್ಡವಳು ಸಂಗ್ರಹಾಲಯದ ಕಲ್ಲಿನ ಶಿಲ್ಪಗಳ ಮುಂದೆ ಕೂತು ಚಿತ್ರ ಬರೆದಳು. ಚಿತ್ರ ಬರೆಯುವ ಮಕ್ಕಳಿದ್ದರೆ ಕೋಟೆ ವಾಸಿ.

ಸನ್ನಿ ಸೈಡ್ ಜನರಲ್ ತಿಮ್ಮಯ್ಯನವರ ಮನೆ. 2021ರ ಫೆಬ್ರವರಿಯಲ್ಲಿ ಅದನ್ನು ಸ್ಮಾರಕ ಸಂಗ್ರಹಾಲಯವಾಗಿ ತೆರೆದರು. ಒಪ್ಪ ಓರಣ ನೋಡಿದರೆ ಮೂರರಲ್ಲಿ ಇದೇ ಮುಂದು. ಬರಹಗಳನ್ನು ಓದಿಕೊಂಡು ಹೋದರೆ ಯಾರೂ ವಿವರಿಸಬೇಕಿಲ್ಲ. ಅವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು, ಅದಕ್ಕೂ ಮೊದಲು ಕೊರಿಯಾ ಯುದ್ಧಕೈದಿಗಳ ವಾಪಸಾತಿಯ ಆಯೋಗದ ಅಧ್ಯಕ್ಷರು, ಕೊನೆಗೆ 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿರುವಾಗಲೇ ತೀರಿಕೊಂಡರು. ಮನೆಗೆ ಬಂದ ಮೇಲೆ ಮಗಳು ಅಟ್ಲಾಸ್ ತೆಗೆದು ಕೊರಿಯಾ, ಸೈಪ್ರಸ್ ಎರಡನ್ನೂ ಹುಡುಕಿದಳು. ಕೊಡಗಿನ ಹುಡುಗ ಅಷ್ಟು ದೂರ ಯಾಕೆ ಹೋದ ಅನ್ನುವುದು ಒಳ್ಳೆ ಪ್ರಶ್ನೆ. ಚಿಕ್ಕವನು ಹೊರಗಿದ್ದ ಯುದ್ಧ ಟ್ಯಾಂಕ್ ಬಿಟ್ಟು ಅಲ್ಲಾಡಲಿಲ್ಲ. ಹತ್ತು ವರ್ಷ ದಾಟಿದವರಿಗೆ ಹೇಳಿಮಾಡಿಸಿದ ಜಾಗ, ಅದಕ್ಕಿಂತ ಚಿಕ್ಕವರಿಗೆ ಅರ್ಧ ಗಂಟೆ ಸಾಕು.

ಗದ್ದಿಗೆಯಲ್ಲಿ ಬರಹ ಕಡಿಮೆ, ನೋಡಲು ಹೆಚ್ಚು. ಕೊಡಗನ್ನು ಆಳಿದ ಹಾಲೇರಿ ರಾಜರು ಲಿಂಗಾಯತರು, ಸಮಾಧಿಯ ಒಳಗಿರುವುದು ಶಿವಲಿಂಗ. ಮೇಲೆ ನೋಡಿದರೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಅದರ ನಡುವೆ ಅಲ್ಲಲ್ಲಿ ನಂದಿ. "ಇದು ಮಸೀದಿಯಾ, ದೇವಸ್ಥಾನವಾ?" ಅಂತ ಮಗ ಕೇಳಿದ ಮೇಲೆ ಆ ದಿನದ ಪಾಠ ತಾನಾಗಿಯೇ ನಡೆಯಿತು. ಹತ್ತಿರದಲ್ಲೇ ಟಿಪ್ಪುವಿನ ವಿರುದ್ಧದ ಕಾಳಗದಲ್ಲಿ ಸತ್ತ ಬಿದ್ದಂಡ ಬೋಪು ಮತ್ತು ಅವರ ಮಗನ ಸಮಾಧಿಗಳಿವೆ. ರಾಜನ ಪಕ್ಕದಲ್ಲಿ ಸೈನಿಕನಿಗೂ ಜಾಗ ಕೊಟ್ಟಿದ್ದಾರೆ ಅನ್ನುವುದನ್ನು ಮಗಳು ಗುರುತಿಸಿದಳು, ನಾನು ಹೇಳಿರಲಿಲ್ಲ. ಗದ್ದಿಗೆ ನೋಡಿದ ಮೇಲೆ ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗಿ. 1820ರದ್ದು, ಅಲ್ಲೂ ಅದೇ ಗುಮ್ಮಟ, ಅದೇ ಮಿನಾರು. ಅದನ್ನು ಮಕ್ಕಳೇ ಗುರುತಿಸಲಿ, ನೀವು ಬಾಯಿ ಬಿಡಬೇಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಕಡೆ ವಿದ್ಯಾರ್ಥಿ ರಿಯಾಯಿತಿಗೆ ಶಾಲೆಯ ಗುರುತಿನ ಚೀಟಿ ಕೇಳುತ್ತಾರೆ. ನಮ್ಮ ಮಕ್ಕಳ ಹತ್ತಿರ ಎಲ್ಲಿ ಬರಬೇಕು? ಕೌಂಟರಿನಲ್ಲಿ ವಾದಕ್ಕೆ ನಿಲ್ಲುವುದಕ್ಕಿಂತ ಪೂರ್ತಿ ಟಿಕೆಟ್ ತೆಗೆದುಕೊಳ್ಳುವುದು ನೆಮ್ಮದಿ. ಹೊರಡುವ ಮುಂಚೆ ವಾರದ ರಜೆ ಯಾವತ್ತು ಅಂತಲೂ ವಿಚಾರಿಸಿಕೊಳ್ಳಿ.

ಆನೆಗೆ: ದುಬಾರೆ, ಮತ್ತಿಗೋಡು

ದುಬಾರೆ ನಮ್ಮ ಮನೆಗೆ ಹತ್ತಿರ. ಕಾವೇರಿ ದಾಟಿ ಹೋಗಬೇಕು, ಮಕ್ಕಳಿಗೆ ದೋಣಿಯೇ ಅರ್ಧ ಖುಷಿ. ಆನೆಗಳ ಬೆಳಗಿನ ಸ್ನಾನದ ಹೊತ್ತಿಗೆ ಮುಟ್ಟಬೇಕು, ತಡವಾಗಿ ಹೋದರೆ ಆನೆ ಕಟ್ಟಿದ ಕಂಬ ನೋಡಿಕೊಂಡು ಬರಬೇಕಾಗುತ್ತದೆ. ರಜೆ ದಿನವಾದರೆ ಜನ ಜಾತ್ರೆ. ವಾರದ ನಡುವೆ, ಅದರಲ್ಲೂ ಡಿಸೆಂಬರ್‌ಗೆ ಮುಂಚೆ, ಮಾವುತರಿಗೂ ಅವರ ಸಹಾಯಕರಾದ ಕಾವಾಡಿಗಳಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಬಹಳ ಜನ ಜೇನುಕುರುಬರು, ಆನೆ ವಿಷಯ ಅವರ ಬಾಯಿಂದಲೇ ಕೇಳಬೇಕು.

ಒಬ್ಬ ಹಿರಿಯ ಮಾವುತರು ನಮ್ಮ ಮಕ್ಕಳಿಗೆ ಕೆಸರಿನಲ್ಲಿ ಬಿದ್ದ ಆನೆಯ ಮುಂಗಾಲಿನ ಹೆಜ್ಜೆ ತೋರಿಸಿ, "ಇದರ ಸುತ್ತಳತೆ ತಗೊಂಡು ಎರಡರಿಂದ ಗುಣಿಸಿ ನೋಡು ಮಗ, ಆನೆ ಎತ್ತರ ಸಿಗ್ತದೆ" ಅಂದರು. ಮಗಳ ಚೀಲದಲ್ಲಿ ನೂಲಿತ್ತು. ಹೆಜ್ಜೆಯ ಅಂಚಿನ ಮೇಲೆ ನೂಲು ಇಟ್ಟು ಸುತ್ತು ಬಳಸಿ, ಗಂಟು ಹಾಕಿ, ಟೇಪಿಗೆ ಹಿಡಿದಾಗ 128 ಸೆಂ.ಮೀ. ಬಂತು. ಎರಡು ಪಟ್ಟು ಅಂದರೆ 256, ಎಂಟು ಅಡಿ ಚಿಲ್ಲರೆ. ಆ ಆನೆಯ ಪಕ್ಕದಲ್ಲಿ ಮಾವುತರು ಬಿದಿರು ಕೋಲು ನಿಲ್ಲಿಸಿ ಭುಜದ ಎತ್ತರ ತೋರಿಸಿದರು, ಬೆರಳಷ್ಟು ವ್ಯತ್ಯಾಸ. ಏಷ್ಯಾದ ಆನೆಗಳಿಗೆ ಈ ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ, ಕಾಡಿನಲ್ಲಿ ಆನೆಯನ್ನು ನೋಡದೆಯೇ ಅದರ ಗಾತ್ರ ಅಂದಾಜು ಮಾಡುವುದು ಹೀಗೆಯೇ. ಆ ನೂಲು ಈಗಲೂ ನಮ್ಮ ಮನೆ ಗೋಡೆಯ ಮೊಳೆಗೆ ನೇತಾಡುತ್ತಿದೆ.

ಮತ್ತಿಗೋಡು ತಿತಿಮತಿ ಕಡೆ, ಗೋಣಿಕೊಪ್ಪ–ಹುಣಸೂರು ರಸ್ತೆಯಲ್ಲಿದೆ. 2020ರಲ್ಲಿ ದಸರಾ ಅಂಬಾರಿ ಹೊರಲು ಶುರು ಮಾಡಿದ ಅಭಿಮನ್ಯು ಅಲ್ಲಿಯವನು. ದೋಣಿಯೂ ಇಲ್ಲ, ದುಬಾರೆಯಷ್ಟು ಗದ್ದಲವೂ ಇಲ್ಲ. ದಸರಾಕ್ಕೆ ಮುಂಚೆ ಹೋದರೆ ಆನೆಗಳು ಮೈಸೂರಿಗೆ ಹೊರಟಿರುತ್ತವೆ, ಹಾಗಾಗಿ ದಸರಾ ಮುಗಿದ ಮೇಲೆ ಹೋಗಿ. 750 ಕೆ.ಜಿ. ಅಂಬಾರಿ ಹೊತ್ತ ಆನೆಯನ್ನು ಟಿವಿಯಲ್ಲಿ ನೋಡಿ, ಆಮೇಲೆ ಅದೇ ಆನೆ ಇರುವ ಊರಿಗೆ ಹೋಗುವುದು ನಮ್ಮ ಚಿಕ್ಕವನಿಗೆ ನಂಬಲಾಗದ ಸಂಗತಿ. ಕಲಿಕೆಗೆ ದುಬಾರೆ, ಶಾಂತಿಗೆ ಮತ್ತಿಗೋಡು. ನಾಗರಹೊಳೆ ಸಫಾರಿಯನ್ನು ಈ ಪಂದ್ಯಕ್ಕೆ ಸೇರಿಸಿಲ್ಲ, ಅದು ಅದೃಷ್ಟದ ಆಟ. ಮಕ್ಕಳಿಗೆ ಕಂಡದ್ದಕ್ಕಿಂತ ಕಾಣದ ಹುಲಿಯದೇ ಚಿಂತೆ.

ಕಾಫಿಗೆ: ರೆಸಾರ್ಟ್ ಟೂರ್, ನೆಂಟರ ಕಣ

ಇಲ್ಲಿ ಪೈಪೋಟಿಯೇ ಇಲ್ಲ ಅನ್ನಬಹುದು. ಆದರೂ ಎರಡನ್ನೂ ನೋಡಿರುವುದರಿಂದ ಹೇಳುತ್ತೇನೆ.

ಒಂದು ರೆಸಾರ್ಟಿನಲ್ಲಿ ದುಡ್ಡು ಕೊಟ್ಟು ತೋಟ ಸುತ್ತಿದೆವು. ಗೈಡ್ ಹುಡುಗ ಪಾಠ ಒಪ್ಪಿಸಿದ ಹಾಗೆ ಹೇಳಿದ: ಇದು ಅರೇಬಿಕಾ, ಇದು ರೊಬಸ್ಟಾ, ಇದು ಸಿಲ್ವರ್ ಓಕ್, ಇದು ಏಲಕ್ಕಿ. ಕೊನೆಗೆ ಒಂದು ಕಪ್ ಕಾಫಿ, ಪಕ್ಕದಲ್ಲೇ ಅಂಗಡಿ. ಮಗಳು ಮೆಣಸಿನ ಬಳ್ಳಿ ಮರಕ್ಕೆ ಹೇಗೆ ಅಂಟಿಕೊಳ್ಳುತ್ತದೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮನೆಗೆ ಬಂದ ಮೇಲೆ ಆ ಮಾತೇ ಮತ್ತೆ ಬರಲಿಲ್ಲ.

ಸುಂಟಿಕೊಪ್ಪದ ಹತ್ತಿರ ನಮ್ಮ ಯಜಮಾನರ ಅಕ್ಕನ ಮನೆಯವರ ಸಣ್ಣ ತೋಟವಿದೆ. ಕುಯ್ಲಿನ ಕಾಲದಲ್ಲಿ ಅಲ್ಲಿಗೆ ಹೋಗುತ್ತೇವೆ. ಅರೇಬಿಕಾ ನವೆಂಬರಿನಿಂದ ಜನವರಿವರೆಗೆ, ಆಮೇಲೆ ರೊಬಸ್ಟಾ. ಬೆಳಗ್ಗೆ ತೋಟದ ಗುಮಾಸ್ತ, ಅಂದರೆ ರೈಟರ್, ಹಾಜರಿ ಪುಸ್ತಕ ಹಿಡಿದು ಬರುವಲ್ಲಿಂದ ಸಂಜೆ ತೂಕದವರೆಗೆ ಇಡೀ ದಿನ ಒಂದು ಪಾಠವೇ. ಕುಯ್ಯುವವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಸಂಜೆ ಚೀಲಗಳು ಕಣಕ್ಕೆ ಬಂದು ತೂಕದ ಕೊಂಡಿಗೆ ಏರುವಾಗ ಮಗನ ಕೈಗೆ ಪೆನ್ಸಿಲ್ ಕೊಟ್ಟರೆ ಸಾಕು, ಕೂಡುವ ಲೆಕ್ಕಕ್ಕೆ ಬೇರೆ ಪುಸ್ತಕ ಬೇಡ. ತಪ್ಪಿದರೆ ತಿದ್ದಲು ಸುತ್ತ ಇಪ್ಪತ್ತು ಕಣ್ಣಿರುತ್ತವೆ, ಅವರ ಕೂಲಿಯ ವಿಷಯ ಅಲ್ಲವೇ.

ದೊಡ್ಡವಳಿಗೆ ಹಿಡಿಸಿದ್ದು ಒಟಿ (ಔಟ್‌ಟರ್ನ್) ಲೆಕ್ಕ. ಒಣಗಿದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, 50 ಕೆ.ಜಿ. ಚೀಲದಲ್ಲಿ ಮಾರುತ್ತಾರೆ, ಆದರೆ ಬೆಲೆ ಕಟ್ಟುವುದು ಅದರಲ್ಲಿ ಎಷ್ಟು ಕೆ.ಜಿ. ಕಾಫಿ ಬೇಳೆ (ಬೀಜ) ಸಿಗುತ್ತದೆ ಎಂಬುದರ ಮೇಲೆ. 26 ಒಟಿ ಅಂದರೆ 50ಕ್ಕೆ 26 ಕೆ.ಜಿ. ಬೇಳೆ. ಶೇಕಡಾ ಎಷ್ಟು? ಒಟಿ ಒಂದು ಹೆಚ್ಚಾದರೆ ಚೀಲಕ್ಕೆ ಎಷ್ಟು ಲಾಭ? ಸರಿಯಾಗಿ ಒಣಗಿಸದೆ ಮಾರಿದರೆ ಯಾರಿಗೆ ನಷ್ಟ? ಶೇಕಡಾವಾರು ಲೆಕ್ಕ ಅಂದರೆ ಮುಖ ಸಿಂಡರಿಸುತ್ತಿದ್ದವಳು ಅವಳ ಮಾವನ ಜೊತೆ ಕಣದಲ್ಲಿ ಕೂತು ವ್ಯಾಪಾರಿ ಹೇಳಿದ ಬೆಲೆಯನ್ನೇ ಪರೀಕ್ಷೆ ಮಾಡಿದಳು. ಮಾವ ಆಚೆ ತಿರುಗಿ ನಕ್ಕರು, ವ್ಯಾಪಾರಿ ನಗಲಿಲ್ಲ.

ನೆಂಟರ ತೋಟ ಎಲ್ಲರಿಗೂ ಇರುವುದಿಲ್ಲ, ಗೊತ್ತು. ಹೊರಗಿನಿಂದ ಬರುವವರು ರೆಸಾರ್ಟ್ ಬದಲು ಮನೆಯವರೇ ತೋಟ ನೋಡಿಕೊಳ್ಳುವ ಹೋಮ್‌ಸ್ಟೇ ಹಿಡಿಯಲಿ. ಬುಕ್ ಮಾಡುವಾಗ "ಕುಯ್ಲು ನಡೀತಿದೆಯಾ, ಕಣದಲ್ಲಿ ಕಾಫಿ ಹರಡಿದೆಯಾ?" ಅಂತ ಕೇಳಲಿ. ಮಾರ್ಚ್, ಏಪ್ರಿಲ್‌ನಲ್ಲಿ ಬರುವವರು ಹೂಮಳೆ ಬಿದ್ದಿದೆಯಾ ಕೇಳಬೇಕು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ, ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಆಗ ಜೇನುನೊಣ ನೋಡುವುದಕ್ಕಿಂತ ಒಳ್ಳೆ ಪರಾಗಸ್ಪರ್ಶದ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ದೊಡ್ಡ ಮಕ್ಕಳಿರುವವರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಲ್ಲೇ ಇರುವ ತೋಟಗಾರಿಕಾ ಪ್ರಯೋಗ ಕೇಂದ್ರಗಳಿಗೆ ಮೊದಲೇ ಬರೆದು ಅನುಮತಿ ಕೇಳಿಕೊಂಡು ಹೋಗಬಹುದು.

ನದಿಗೆ: ತಲಕಾವೇರಿ, ನಿಸರ್ಗಧಾಮ

ನಿಸರ್ಗಧಾಮ ನಮ್ಮ ಊರಲ್ಲೇ ಇದೆ. ತೂಗುಸೇತುವೆ, ಬಿದಿರು ಮೆಳೆ, ಜಿಂಕೆ. ಸಂಜೆ ಹೊತ್ತು ಕಳೆಯಲು ಚೆನ್ನಾಗಿದೆ, ಅದಕ್ಕಿಂತ ಹೆಚ್ಚು ಹೇಳುವಂಥದ್ದಿಲ್ಲ.

ಭಾಗಮಂಡಲ, ತಲಕಾವೇರಿಗೆ ಒಂದು ಇಡೀ ದಿನ ಕೊಡಿ. ಮಕ್ಕಳ ಕೈಯಲ್ಲಿ ನಕ್ಷೆ ಇರಲಿ. ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಸೇರುವುದು ಕಣ್ಣಿಗೆ ಕಾಣುತ್ತದೆ. ಮೂರನೆಯ ನದಿ ಸುಜ್ಯೋತಿ ಗುಪ್ತಗಾಮಿನಿಯಾಗಿ ಬಂದು ಸೇರುತ್ತದೆ ಅನ್ನುವುದು ನಂಬಿಕೆ. ಕಾಣುವುದು ಯಾವುದು, ನಂಬುವುದು ಯಾವುದು ಅಂತ ಬಿಡಿಸಿ ಮಾತಾಡಲು ಇದೇ ಒಳ್ಳೆ ಜಾಗ. ಮೇಲೆ ತಲಕಾವೇರಿಯಲ್ಲಿ ಬೆಟ್ಟಸಾಲು ನೋಡುತ್ತಾ, ಒಂದು ಮಗ್ಗುಲಿಗೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ ಅಂತ ಹೇಳಿದರೆ ಭೂಗೋಳದ ಜಲವಿಭಜಕ ಪಾಠ ಮುಗಿಯಿತು. "ಹಾಗಾದ್ರೆ ನಮ್ಮೂರ ಸೇತುವೆ ಕೆಳಗೆ ಹೋಗೋದು ಇಲ್ಲಿನ ನೀರೇನಾ?" ಅಂತ ಚಿಕ್ಕವನು ಕೇಳಿದ. ಹೌದು, ಆ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಬೈಲುಕುಪ್ಪೆ ಆ ಕಡೆಗೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಗುಡ್ಡ ಕುಸಿದು ಜೀವಹಾನಿ ಆದದ್ದನ್ನೂ ದೊಡ್ಡವಳಿಗೆ ಅಲ್ಲೇ ಹೇಳಿದೆ. ಇಳಿಜಾರು, ಮಣ್ಣು, ನೀರು ಮೂರೂ ಎದುರಿಗಿದ್ದಾಗ ವಿವರಿಸುವುದು ಸುಲಭ. ತುಲಾ ಸಂಕ್ರಮಣದ ಸುಮಾರಿಗೆ ಮಾತ್ರ ಪಾಠದ ಆಸೆ ಇಟ್ಟುಕೊಳ್ಳಬೇಡಿ, ಅದು ಭಕ್ತರ ಹೊತ್ತು.

ಬಸ್ಸೋ, ಕಾರೋ

ಪಟ್ಟಣಗಳ ನಡುವೆ ಬಸ್ಸೇ ಮೇಲು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನನಗೂ ಮಗಳಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟಿಗೆ ದುಡ್ಡಿಲ್ಲ, ಒಳ ಊರುಗಳಿಗೆ ಖಾಸಗಿ ಬಸ್ಸು. ಎಷ್ಟು ಗಂಟೆಗೆ ಯಾವ ಬಸ್ಸು, ತಪ್ಪಿದರೆ ಮುಂದಿನದು ಯಾವುದು ಅನ್ನುವ ಜವಾಬ್ದಾರಿ ಮಗಳದು. ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ, ಹಾಗಾಗಿ ನಮ್ಮ ಚಿಕ್ಕವನಿಗೆ ರೈಲು ಅಂದರೆ ಬಹಳ ದಿನ ಮಡಿಕೇರಿಯ ರಾಜಾಸೀಟ್ ಉದ್ಯಾನದ ಪುಟಾಣಿ ರೈಲೇ ಆಗಿತ್ತು. ತಲಕಾವೇರಿ, ಮತ್ತಿಗೋಡಿಗೆ ಮಾತ್ರ ಕಾರು. ವಾಪಸ್ ಬಸ್ಸು ಕಾಯುತ್ತ ಸುಸ್ತಾದ ಮಕ್ಕಳನ್ನು ಹಿಡಿದುಕೊಳ್ಳುವ ತಾಳ್ಮೆ ನನಗಿಲ್ಲ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನದ್ದೆಲ್ಲ ಹೆಚ್ಚುಕಮ್ಮಿ ಬಂದ್. ಹೊಳೆ ತುಂಬುತ್ತದೆ, ಜಿಗಣೆ ಕಾಟ, ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. ಆಗ ನಮ್ಮ ಪ್ರವಾಸ ಅಂಗಳದವರೆಗೆ. ತೋಟದವರ ಮನೆಯಲ್ಲಿ ಮಳೆಮಾಪಕ ಇರುತ್ತದೆ, ಬೆಳಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಲೆಕ್ಕ ಇಂಚು, ಸೆಂಟಿನಲ್ಲಿ: ಒಂದು ಇಂಚಿಗೆ ನೂರು ಸೆಂಟು. ಸುಂಟಿಕೊಪ್ಪದ ಅತ್ತೆ ಫೋನಿನಲ್ಲಿ "ನಮಗೆ ಎರಡು ಇಂಚು ನಲವತ್ತು" ಅಂದರೆ, ಮಗಳು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ ನಮ್ಮ ಕುಶಾಲನಗರದ ಮಳೆಯ ಪಕ್ಕದಲ್ಲಿ ಬರೆಯುತ್ತಾಳೆ. ಭಾಗಮಂಡಲದ ಅಂಕಿಯನ್ನು ಪತ್ರಿಕೆಯಿಂದ ತೆಗೆದುಕೊಳ್ಳುತ್ತೇವೆ. ಮೂರೂ ಗೆರೆಗಳನ್ನು ಗ್ರಾಫ್ ಹಾಳೆಯಲ್ಲಿ ಎಳೆದರೆ, ಒಂದೇ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಹೇಗೆ ಇಳಿಯುತ್ತದೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಮಾಪಕ ಕೊಳ್ಳಲೇಬೇಕು ಅಂತಿಲ್ಲ. ನೇರ ಗೋಡೆಯ ಗಾಜಿನ ಲೋಟವನ್ನು ಮರದ ಹನಿ ಬೀಳದ ಕಡೆ ಬಯಲಿನಲ್ಲಿ ಇಟ್ಟು, ಬೆಳಗ್ಗೆ ಸ್ಕೇಲ್ ಹಿಡಿದು ಓದಿದರೂ ಆಗುತ್ತದೆ.