ಲೋಟಸ್ 1-2-3: ಹಳೇ ಅಡಿಕೆ ಲೆಕ್ಕಕ್ಕೆ ಹಳೇ ಗ್ರಾಫೇ ಸರಿಯೇ?

ಚಿತ್ರ ಒರಟು, ಕೆಲಸ ಚುರುಕು. ಒಂದೇ ಸಾಲಿನ ತೀರ್ಪು ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಡಿಬೇಸ್ ಎಂಬ ಹಳೇ ಡೇಟಾಬೇಸ್ ಪ್ರೋಗ್ರಾಂನ ಕಾಲದ ಡಿಬಿಎಫ್ ಕಡತಗಳನ್ನು ಇನ್ನೂ ಕಾಪಾಡಿಕೊಂಡು ಬಂದಿರುವ ಅಡಿಕೆ ಮಂಡಿಯವರು, ಸೊಸೈಟಿ ಗುಮಾಸ್ತರು, ದಿನಾ ಮಳೆ ಅಳೆದು ಕಂಪ್ಯೂಟರಿಗೆ ಹಾಕುವ ತೋಟದವರು ಮಾತ್ರ ಮುಂದೆ ಓದಿ. ಉಳಿದವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಅದು ಡಿಬಿಎಫ್ ಕಡತವನ್ನು ನೇರವಾಗಿ ತೆರೆಯುತ್ತದೆ, ದುಡ್ಡೂ ಕೇಳುವುದಿಲ್ಲ.

ಮಿಚ್ ಕೇಪರ್ ಮತ್ತು ಜೊನಾಥನ್ ಸ್ಯಾಕ್ಸ್ ಸೇರಿ ರೂಪಿಸಿದ ಈ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1983ರ ಜನವರಿಯಲ್ಲಿ. ಹೆಸರಿನ ಮೂರು ಅಂಕಿಗಳು ಮೂರು ಕೆಲಸಗಳು: ಲೆಕ್ಕದ ಹಾಳೆ, ಗ್ರಾಫ್, ಡೇಟಾಬೇಸ್. ಕೇಪರ್ ಅದಕ್ಕೂ ಮುಂಚೆ ವಿಸಿಪ್ಲಾಟ್ ಎಂಬ ಗ್ರಾಫ್ ಪ್ರೋಗ್ರಾಂ ಬರೆದವರು. ಲೆಕ್ಕ ಒಂದರಲ್ಲಿ ಮಾಡಿ, ಫ್ಲಾಪಿ ಬದಲಿಸಿ, ಗ್ರಾಫ್ ಇನ್ನೊಂದರಲ್ಲಿ ಬಿಡಿಸುವ ತಾಪತ್ರಯ ಅವರಿಗೆ ಚೆನ್ನಾಗಿ ಗೊತ್ತಿತ್ತು. 1995ರಲ್ಲಿ ಲೋಟಸ್ ಕಂಪನಿಯನ್ನು ಐಬಿಎಂ ಕೊಂಡಿತು, 2014ರಲ್ಲಿ 1-2-3ಕ್ಕೆ ಬೆಂಬಲ ನಿಂತಿತು. ಇಲ್ಲಿ ನೋಡುತ್ತಿರುವುದು 1986ರ 2.01 ಆವೃತ್ತಿ, ಹಳೇ ಡಾಸ್ ಪ್ರೋಗ್ರಾಂಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಒಳಗೆ.

ಮೊದಲು ಫ್ಲಾಪಿಯ ಮಾತು. ಮೂಲ ಡಿಸ್ಕ್ ಐದೂಕಾಲು ಇಂಚಿನವು. ಮಲೆನಾಡಿನ ಮಳೆಗಾಲ ಕಂಡ ಫ್ಲಾಪಿಯಾದರೆ ಡ್ರೈವಿಗೆ ತುರುಕುವ ಮುಂಚೆ ನಡುವಿನ ತೂತಿನಲ್ಲಿ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಬಿಳಿ ಬೂಷ್ಟಿನ ಚುಕ್ಕೆ ಕಂಡರೆ ಹಾಕಲೇಬೇಡಿ. ಬೂಷ್ಟು ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೇ ಫ್ಲಾಪಿಯನ್ನೂ ಗೀರಿ ಕೆಡಿಸುತ್ತದೆ.

ಇನ್‌ಸ್ಟಾಲ್ ಮಾಡುವಾಗ ಒಂದೇ ಎಚ್ಚರ. ಡಾಸ್‌ಬಾಕ್ಸ್ ಸೆಟ್ಟಿಂಗ್ ಕಡತದ ‘ಮಶೀನ್’ ಸಾಲಿನಲ್ಲಿ ಪರದೆಯ ಯಾವ ಗ್ರಾಫಿಕ್ಸ್ ಕಾರ್ಡ್ ಇದೆಯೋ ಲೋಟಸ್ ಇನ್‌ಸ್ಟಾಲ್‌ನಲ್ಲೂ ಅದನ್ನೇ ಆರಿಸಬೇಕು. ಒಂದರಲ್ಲಿ ಸಿಜಿಎ, ಇನ್ನೊಂದರಲ್ಲಿ ಹರ್ಕ್ಯುಲಿಸ್ ಆದರೆ ಹಾಳೆ ಸರಿಯಾಗಿ ಕಂಡರೂ ಗ್ರಾಫ್ ಒತ್ತಿದ ಕೂಡಲೇ ಪರದೆ ಬರಿದಾಗಬಹುದು. ಎರಡರಲ್ಲಿ ಹರ್ಕ್ಯುಲಿಸ್ ಮೇಲು. ಬಣ್ಣವಿಲ್ಲ ನಿಜ, ಆದರೆ 720 ಅಡ್ಡ, 348 ಉದ್ದ ಚುಕ್ಕಿಗಳಲ್ಲಿ ಗೆರೆ ಸಿಜಿಎಗಿಂತ ಎಷ್ಟೋ ನಯ.

ಈಗ ಅಂಕಿಗಳು. ಶಿವಮೊಗ್ಗ ಮಾರುಕಟ್ಟೆಯ ಮಾದರಿಯನ್ನೇ ತೆಗೆದುಕೊಳ್ಳೋಣ: ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಬಗೆ, ದಿನಾಂಕ, ಬಗೆ, ಆವಕ, ಕನಿಷ್ಠ, ಗರಿಷ್ಠ, ಮಾದರಿ ಧಾರಣೆ (ಹೆಚ್ಚು ಮಾಲು ಮಾರಾಟವಾದ ಬೆಲೆ) ಎಂಬ ಆರು ಕಾಲಂ. ವರ್ಷಕ್ಕೆ 300 ವಹಿವಾಟಿನ ದಿನ ಎಂದು ಹಿಡಿದರೆ 1200 ಸಾಲು. 2.01ರ ಹಾಳೆಗೆ 8192 ಸಾಲಿನ ಮಿತಿ, ಹಾಗಾಗಿ ಕಾಗದದ ಮೇಲೆ ಆರು ವರ್ಷ ಹಿಡಿಯಬೇಕು. ಆದರೆ ಇಡೀ ಹಾಳೆ ಮೆಮೊರಿಯಲ್ಲೇ ಕೂರುವುದರಿಂದ ಸಾಲು ಮುಗಿಯುವ ಮುಂಚೆ ಮೆಮೊರಿ ಮುಗಿಯುತ್ತದೆ. ಕೆಳಗೆ ‘ಮೆಮ್’ ಎಂದು ಮಿನುಗತೊಡಗಿದರೆ ಅದೇ ಸೂಚನೆ. ಬೇಕಾದ ಒಂದೆರಡು ವರ್ಷವನ್ನಷ್ಟೇ ತರುವುದು ಜಾಣತನ.

ತರುವ ದಾರಿ ಎರಡು. ಲೋಟಸ್ ಜೊತೆಗೇ ಬರುವ ಟ್ರಾನ್ಸ್‌ಲೇಟ್ ಪ್ರೋಗ್ರಾಂ ಡಿಬಿಎಫ್ ಕಡತವನ್ನು ಇಡಿಯಾಗಿ ಹಾಳೆಯಾಗಿಸುತ್ತದೆ, ಆರಿಸುವ ಸೌಕರ್ಯವಿಲ್ಲ. ಡಿಬೇಸ್ ಕೈಯಲ್ಲಿದ್ದರೆ ಅಲ್ಲಿಂದಲೇ ‘ಕಾಪಿ ಟು’ ಆಜ್ಞೆಗೆ ‘ಫಾರ್’ ಷರತ್ತು ಸೇರಿಸಿ ‘ಡಿಲಿಮಿಟೆಡ್’ ಎಂದು ಹೊರತೆಗೆಯುವುದು ವಾಸಿ. ಅದಕ್ಕೂ ಮುಂಚೆ ಕಡತದ ನಕಲು ಮಾಡಿಕೊಂಡು, ಆ ನಕಲಿನ ಮೇಲೆ ‘ಪ್ಯಾಕ್’ ಕೊಡಿ. ಡಿಬೇಸ್‌ನಲ್ಲಿ ಅಳಿಸಿದ ದಾಖಲೆ ನಿಜಕ್ಕೂ ಹೋಗಿರುವುದಿಲ್ಲ, ನಕ್ಷತ್ರದ ಗುರುತು ಹೊತ್ತು ಅಲ್ಲೇ ಇರುತ್ತದೆ. ಪ್ಯಾಕ್ ಮಾಡದೆ ತಂದರೆ ತಪ್ಪು ಬರೆದು ಅಳಿಸಿದ್ದ ಧಾರಣೆಯೂ ಸರಿಪಡಿಸಿದ ಧಾರಣೆಯೂ ಗ್ರಾಫಿನಲ್ಲಿ ಅಕ್ಕಪಕ್ಕ ಕೂತುಬಿಡುತ್ತವೆ.

ಹೊರತೆಗೆದ ಕಡತದ ಬಾಲ ‘ಟಿಎಕ್ಸ್‌ಟಿ’. ಲೋಟಸ್ ‘ಫೈಲ್, ಇಂಪೋರ್ಟ್, ನಂಬರ್ಸ್’ನಲ್ಲಿ ತೋರಿಸುವುದು ‘ಪಿಆರ್‌ಎನ್’ ಬಾಲದವನ್ನು ಮಾತ್ರ. ಕಡತ ಕಾಣಿಸಲಿಲ್ಲವೆಂದು ಗಾಬರಿಯಾಗದೆ ಹೆಸರು ಬದಲಿಸಿ. ಕಾಲಂ ತಲೆಬರಹ ಬರುವುದಿಲ್ಲ. ಮೊದಲ ಸಾಲು ಬಿಟ್ಟುಕೊಂಡು ನೀವೇ ಬರೆಯಬೇಕು.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. 1987ರ ಏಪ್ರಿಲ್ 1 ಎಂಬುದು 19870401 ಎಂಬ ಬರೀ ಸಂಖ್ಯೆಯಾಗಿ ಬಂದಿಳಿಯುತ್ತದೆ. ಹಾಗೇ ಗ್ರಾಫಿಗೆ ಕೊಟ್ಟರೆ ಏಪ್ರಿಲ್ 30ರಿಂದ ಮೇ 1ಕ್ಕೆ 71 ಹೆಜ್ಜೆ, ಡಿಸೆಂಬರ್ 31ರಿಂದ ಜನವರಿ 1ಕ್ಕೆ 8870 ಹೆಜ್ಜೆ! ಪಕ್ಕದ ಕಾಲಂನಲ್ಲಿ ಬಿಡಿಸಿಕೊಳ್ಳಬೇಕು. ಸಂಖ್ಯೆ ಎ2ರಲ್ಲಿದ್ದರೆ ಸೂತ್ರ ಹೀಗೆ: @ಡೇಟ್(@ಇಂಟ್(ಎ2/10000)-1900, @ಇಂಟ್(@ಮಾಡ್(ಎ2,10000)/100), @ಮಾಡ್(ಎ2,100)). ಉತ್ತರ 31868 ಎಂದು ಬಂದರೆ ಸರಿ. ಅದಕ್ಕೆ ‘ರೇಂಜ್, ಫಾರ್ಮ್ಯಾಟ್, ಡೇಟ್’ ಕೊಟ್ಟರೆ ಮನುಷ್ಯರು ಓದುವ ದಿನಾಂಕವಾಗುತ್ತದೆ. ವರ್ಷದಿಂದ 1900 ಕಳೆಯುವುದನ್ನು ಮರೆಯಬೇಡಿ, ಲೋಟಸ್ ಕೇಳುವುದು 87ನ್ನು. 2015 ಆದರೆ 115, ಅದನ್ನೂ ಒಪ್ಪುತ್ತದೆ.

ಎರಡನೇ ತೊಡಕು ಹೆಸರುಗಳದ್ದು. ಕನ್ನಡ ಲಿಪಿ ಇಲ್ಲದ ಕಾಲದ ಕಡತ. ‘ರಾಶಿ’ಯನ್ನು ಒಬ್ಬ ಗುಮಾಸ್ತರು ಇಂಗ್ಲಿಷಿನ ಒಂದು ಎ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಎರಡು ಎ. ಗೊರಬಲುವಿಗಂತೂ ಬರೆದವರಷ್ಟು ಕಾಗುಣಿತ. ಬಗೆಯನ್ನು ಆರಿಸುವ ಷರತ್ತು ಅಕ್ಷರಶಃ ಹೊಂದಬೇಕಾದ್ದರಿಂದ ಎರಡು ಎ ಇರುವ ದಿನಗಳೆಲ್ಲ ಗ್ರಾಫಿನಿಂದ ಸದ್ದಿಲ್ಲದೆ ಮಾಯ. ಆದ್ದರಿಂದ ಮೊದಲು ಬಗೆಯ ಕಾಲಂ ಒಂದನ್ನೇ ಹೊರತೆಗೆಯುವಂತೆ ‘ಡೇಟಾ, ಕ್ವೆರಿ, ಯುನೀಕ್’ ಓಡಿಸಿ. ನಾಲ್ಕು ಹೆಸರು ಬರಬೇಕಾದಲ್ಲಿ ಒಂಬತ್ತು ಬಂದರೆ ತಿದ್ದುವ ಕೆಲಸ ಬಾಕಿ ಇದೆ ಎಂದರ್ಥ.

ಇನ್ನು ಈ ಪ್ರೋಗ್ರಾಂನ ನಿಜವಾದ ಹೆಚ್ಚುಗಾರಿಕೆ. ಅಂಕಿಗಳ ಕೊನೆಗೆ ದಿನಾಂಕದಿಂದ ತೆಗೆದ ‘ತಿಂಗಳು’ ಕಾಲಂ ಸೇರಿಸಿ (ಸೂತ್ರ ಮುಂದಿನ ಪ್ಯಾರಾದಲ್ಲಿದೆ). ಹಾಳೆಯ ಬಲಕ್ಕೆ ಷರತ್ತಿನ ಜಾಗ ಮಾಡಿ: ಮೇಲೆ ‘ತಿಂಗಳು’, ‘ಬಗೆ’ ಎಂಬ ತಲೆಬರಹ, ಕೆಳಗೆ ಎರಡು ಖಾಲಿ ಸೆಲ್. ತಲೆಬರಹ ಮೂಲ ಕಾಲಂನದ್ದೇ ನಕಲಾಗಿರಬೇಕು, ಕೈಯಲ್ಲಿ ಮತ್ತೆ ಬರೆಯುವುದಕ್ಕಿಂತ ಕಾಪಿ ಮಾಡಿ. ಪಕ್ಕದಲ್ಲಿ ಎಡಕ್ಕೆ ಹನ್ನೆರಡು ತಿಂಗಳು, ಮೇಲೆ ನಾಲ್ಕು ಬಗೆ, ಮೂಲೆಯ ಸೆಲ್‌ನಲ್ಲಿ ಷರತ್ತಿಗೆ ಹೊಂದುವ ಸಾಲುಗಳ ಸರಾಸರಿ ಕೊಡುವ @ಡಿಎವಿಜಿ ಸೂತ್ರ. ಸೂತ್ರದಲ್ಲಿ ಕಾಲಂ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಆರನೇ ಕಾಲಂಗೆ 5 ಎಂದು ಕೊಡಬೇಕು. ಆಮೇಲೆ ‘ಡೇಟಾ, ಟೇಬಲ್, 2’. ಮೊದಲ ಇನ್‌ಪುಟ್ ಸೆಲ್ ತಿಂಗಳಿನದು, ಎರಡನೆಯದು ಬಗೆಯದು. ಎಂಟರ್ ಒತ್ತಿದರೆ 48 ಸರಾಸರಿಗಳು ತಮ್ಮ ತಮ್ಮ ಜಾಗದಲ್ಲಿ ತುಂಬಿಕೊಳ್ಳುತ್ತವೆ. ನಾಲ್ಕು ಕಾಲಂಗಳನ್ನು ಗ್ರಾಫಿನ ಎ, ಬಿ, ಸಿ, ಡಿ ವ್ಯಾಪ್ತಿಗೆ, ತಿಂಗಳ ಹೆಸರುಗಳನ್ನು ಎಕ್ಸ್‌ಗೆ ಕೊಟ್ಟರೆ ಮುಗಿಯಿತು. ಮುಂದಕ್ಕೆ ಹೊಸ ಅಂಕಿ ಬಂದಾಗ ಎಫ್8 ಒತ್ತಿದರೆ ಟೇಬಲ್, ಎಫ್10 ಒತ್ತಿದರೆ ಗ್ರಾಫ್. ಇಷ್ಟು ಕಡಿಮೆ ಕೀಲಿಯಲ್ಲಿ ಡೇಟಾಬೇಸ್‌ನಿಂದ ಗೆರೆಯವರೆಗೆ ಹೋಗುವ ಸುಖ ಇವತ್ತಿನ ಮೌಸ್ ಎಳೆದಾಟದಲ್ಲಿಲ್ಲ.

ಇದರಲ್ಲೂ ಒಂದು ಗುಂಡಿ ಇದೆ. ತಿಂಗಳಿಗೆ ಬರೀ @ಮಂತ್ ಬಳಸಿದರೆ ಎರಡು ವರ್ಷದ ಏಪ್ರಿಲ್‌ಗಳು ಕಲಸಿ ಒಂದೇ ಸರಾಸರಿ ಆಗುತ್ತವೆ. @ಇಯರ್ ಉತ್ತರವನ್ನು 100ರಿಂದ ಗುಣಿಸಿ @ಮಂತ್ ಕೂಡಿಸಿ. 8704, 8705 ಎಂದು ಸಾಗಿ 8803ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಯಾವುದಾದರೂ ಬಗೆ ಒಂದು ತಿಂಗಳು ಮಾರುಕಟ್ಟೆಗೇ ಬಂದಿಲ್ಲವಾದರೆ ಆ ಸೆಲ್‌ನಲ್ಲಿ ‘ಇಆರ್‌ಆರ್’ ಬೀಳುತ್ತದೆ, ಸೊನ್ನೆಯಿಂದ ಭಾಗಿಸಿದ ಫಲ. ಟೇಬಲ್ ಉತ್ತರಗಳು ಸೂತ್ರಗಳಲ್ಲ, ಬರೀ ಬೆಲೆಗಳು. ‘ರೇಂಜ್, ಇರೇಸ್’ ಮಾಡಿದರೆ ತೊಂದರೆ ಇಲ್ಲ. ಹಾಗೆಯೇ ಡಿಬೇಸ್‌ನಲ್ಲಿ ಖಾಲಿ ಬಿಟ್ಟ ಅಂಕಿಯ ಜಾಗಕ್ಕೂ ಸೊನ್ನೆಗೂ ವ್ಯತ್ಯಾಸವಿಲ್ಲ. ಧಾರಣೆ ಬರೆಯದ ದಿನ ಗೆರೆ ಪಾತಾಳಕ್ಕಿಳಿದು ಮೇಲೇಳುತ್ತದೆ, ಸರಾಸರಿಯೂ ಕುಗ್ಗುತ್ತದೆ. ಹೊರತೆಗೆಯುವಾಗಲೇ ಧಾರಣೆ ಸೊನ್ನೆಗಿಂತ ಹೆಚ್ಚು ಎಂಬ ಷರತ್ತು ಹಾಕಿಬಿಡಿ.

ದಿನದ ಧಾರಣೆ ಬೇಕೆಂದರೆ ದಾರಿ ಬೇರೆ. ಅಲ್ಲಿ ‘ಲೈನ್’ ಬಗೆಯ ಗ್ರಾಫ್ ಬೇಡ. ಅದು ಪ್ರತಿ ಸಾಲಿಗೂ ಒಂದೇ ಅಂತರ ಕೊಡುತ್ತದೆ. ದೀಪಾವಳಿಗೆ ಮಾರುಕಟ್ಟೆ ನಾಲ್ಕು ದಿನ ಮುಚ್ಚಿದರೂ ಗೆರೆಗೆ ಗೊತ್ತಾಗುವುದಿಲ್ಲ. ‘ಎಕ್ಸ್‌ವೈ’ ಆರಿಸಿದರೆ ದಿನಾಂಕದ ಅಂತರವೇ ಗೆರೆಯ ಅಂತರ. ಆದರೆ ಅಂಕಿಗಳು ದಿನಾಂಕದ ಕ್ರಮದಲ್ಲಿರಬೇಕು, ಇಲ್ಲವಾದರೆ ಗೆರೆ ಹಿಂದೆ ಮುಂದೆ ಓಡಿ ಜೇಡರ ಬಲೆಯಾಗುತ್ತದೆ. ‘ಡೇಟಾ, ಸಾರ್ಟ್’ ಮೊದಲು, ಷರತ್ತಿಗೆ ಹೊಂದುವ ಸಾಲುಗಳನ್ನು ಬೇರೆಡೆಗೆ ನಕಲಿಸುವ ‘ಕ್ವೆರಿ, ಎಕ್ಸ್‌ಟ್ರ್ಯಾಕ್ಟ್’ ಆಮೇಲೆ.

ಎಕ್ಸ್‌ಟ್ರ್ಯಾಕ್ಟ್ ಬಗ್ಗೆ ಕೆಂಪು ಶಾಯಿಯ ಎಚ್ಚರಿಕೆ: ಔಟ್‌ಪುಟ್ ಜಾಗವೆಂದು ತಲೆಬರಹದ ಒಂದೇ ಸಾಲು ತೋರಿಸಿದರೆ ಲೋಟಸ್ ಆ ಕಾಲಂಗಳಲ್ಲಿ ಅದರ ಕೆಳಗಿರುವುದನ್ನೆಲ್ಲ ಹಾಳೆಯ ತುದಿಯವರೆಗೆ ಒರೆಸಿ ಹಾಕಿ ಆಮೇಲೆ ಬರೆಯುತ್ತದೆ. ಕೆಳಗಡೆ ನಿಮ್ಮ ಇನ್ನೊಂದು ಪಟ್ಟಿ ಇದ್ದರೆ ಹೋಯಿತು. 2.01ರಲ್ಲಿ ಅನ್‌ಡೂ ಇಲ್ಲ, ಅದು ಬಂದದ್ದು 2.2ರಲ್ಲಿ. ಸಾಲುಗಳನ್ನು ಲೆಕ್ಕ ಹಾಕಿ, ಒಂದು ವರ್ಷದ ಒಂದು ಬಗೆಗೆ 320 ಸಾಲು ಕೊಡಿ. ಸಾಲದಿದ್ದರೆ ಜಾಗ ಕಡಿಮೆಯೆಂದು ದೂರುತ್ತದೆಯೇ ಹೊರತು ಹೊರಗಿನದನ್ನು ಮುಟ್ಟುವುದಿಲ್ಲ. ಒಮ್ಮೆ ಹೀಗೆ ಕೂರಿಸಿದರೆ ಬಗೆಯ ಸೆಲ್‌ನಲ್ಲಿ ಹೆಸರು ಬದಲಿಸಿ ಎಫ್7, ಎಫ್10.

ಅಕ್ಷದ ವಿಷಯದಲ್ಲಿ ಲೋಟಸ್ ತನ್ನ ಜಾಣತನ ತೋರಿಸಲು ಹೋಗುತ್ತದೆ. ಕ್ವಿಂಟಾಲಿಗೆ 52000 ಎಂಬ ಧಾರಣೆ 52 ಎಂದಾಗಿ, ಪಕ್ಕದಲ್ಲಿ ‘ಸಾವಿರಗಳಲ್ಲಿ’ ಎಂಬರ್ಥದ ಇಂಗ್ಲಿಷ್ ಪದ ನಿಲ್ಲುತ್ತದೆ. ಆ ಪದ ತೆಗೆಯುವ ‘ಇಂಡಿಕೇಟರ್’ ಆಯ್ಕೆ ಇದೆ, ಮುಟ್ಟಬೇಡಿ. ಪದ ಹೋದರೂ ಅಂಕಿ 52 ಆಗಿಯೇ ಉಳಿಯುತ್ತದೆ, ನೋಟಿಸ್ ಬೋರ್ಡಿನ ಮುಂದೆ ನಿಂತವರು ನಗುತ್ತಾರೆ. ಲಿಂಗನಮಕ್ಕಿಯ ನೀರಿನ ಮಟ್ಟದಂಥ ಅಂಕಿಗೆ ‘ಬಾರ್’ ಸುಮ್ಮನೆ ದಂಡ. ತುಂಬಿದ ಮಟ್ಟ 1819 ಅಡಿ; ಕಂಬಗಳು ಸೊನ್ನೆಯಿಂದ ಏಳುವುದರಿಂದ ಬೇಸಿಗೆಯೂ ಮಳೆಗಾಲವೂ ಒಂದೇ ಎತ್ತರ ಕಾಣುತ್ತವೆ. ಗೆರೆಯ ಗ್ರಾಫ್ ಆರಿಸಿ, ‘ಸ್ಕೇಲ್’ನಲ್ಲಿ ಮ್ಯಾನುಯಲ್ ಒತ್ತಿ ಕೆಳಗೆ 1740, ಮೇಲೆ 1820 ಕೊಡಿ.

ಆಗುಂಬೆಯ ಮಳೆಯನ್ನೂ ಶಿವಮೊಗ್ಗ ಪೇಟೆಯ ಮಳೆಯನ್ನೂ ಒಟ್ಟಿಗೆ ಹಾಕುವ ಆಸೆ ಇದ್ದರೆ 2.01 ಬಿಡಿ. ಎರಡನೇ ವೈ ಅಕ್ಷ ಇದರಲ್ಲಿಲ್ಲ, ಪೇಟೆಯ ಗೆರೆ ನೆಲಕ್ಕಂಟಿಕೊಳ್ಳುತ್ತದೆ. 1989ರ ರಿಲೀಸ್ 3ರಲ್ಲಿ ಆ ಅಕ್ಷವಿದೆ, ಡಿಬಿಎಫ್ ಕಡತವನ್ನು ಇದ್ದಲ್ಲೇ ಓದುವ ‘ಡೇಟಾ, ಎಕ್ಸ್‌ಟರ್ನಲ್’ ಕೂಡ ಇದೆ.

ಗ್ರಾಫ್ ಚೆನ್ನಾಗಿ ಬಂತೆಂದರೆ ಕೂಡಲೇ ‘ಗ್ರಾಫ್, ನೇಮ್, ಕ್ರಿಯೇಟ್’ ಮಾಡಿ. ಹೆಸರಿಡದೆ ಇನ್ನೊಂದನ್ನು ಕರೆದರೆ ಮೊದಲನೆಯದರ ಸೆಟ್ಟಿಂಗ್ ಹೋದಂತೆ. ‘ಗ್ರಾಫ್, ಸೇವ್’ ಎಂಬುದು ಬೇರೆ. ಅದು ಪಿಐಸಿ ಎಂಬ ಚಿತ್ರ ಕಡತವನ್ನಷ್ಟೇ ಬರೆಯುತ್ತದೆ, ನಾಳೆ ಅಂಕಿ ತಿದ್ದಿದರೆ ಆ ಚಿತ್ರ ಬದಲಾಗುವುದಿಲ್ಲ.

ಮುದ್ರಣವೇ ಇದರ ಅತಿ ದುರ್ಬಲ ಭಾಗ. ಲೋಟಸ್ ಒಳಗಿಂದ ಗ್ರಾಫ್ ಪ್ರಿಂಟ್ ಆಗುವುದಿಲ್ಲ. ಹಾಳೆ ಉಳಿಸಿ, ಹೊರಗೆ ಬಂದು, ಪ್ರಿಂಟ್‌ಗ್ರಾಫ್ ಎಂಬ ಬೇರೆ ಪ್ರೋಗ್ರಾಂ ತೆರೆದು, ಅಕ್ಷರದ ಕಡತ ಎಲ್ಲಿದೆ, ಪ್ರಿಂಟರ್ ಯಾವುದು ಎಂದೆಲ್ಲ ಹೇಳಬೇಕು. ಮಾಮೂಲಿ ಡಾಸ್‌ಬಾಕ್ಸ್‌ನಲ್ಲಿ ಪ್ರಿಂಟರೇ ಇಲ್ಲ. ಗ್ರಾಫ್ ಪರದೆಯ ಮೇಲಿರುವಾಗ ಕಂಟ್ರೋಲ್ ಹಿಡಿದು ಎಫ್5 ಒತ್ತಿದರೆ ಪರದೆಯ ಚಿತ್ರ ಕ್ಯಾಪ್ಚರ್ ಫೋಲ್ಡರಿಗೆ ಬೀಳುತ್ತದೆ, ಅದನ್ನೇ ಮುದ್ರಿಸಿ. ಬೆರಳು ಜಾರಿ ಕಂಟ್ರೋಲ್ ಎಫ್9 ಒತ್ತಿಬಿಟ್ಟೀರಿ: ಲೋಟಸ್‌ನಲ್ಲಿ ಬರೀ ಎಫ್9 ಮರುಲೆಕ್ಕದ ಕೀಲಿ, ಕಂಟ್ರೋಲ್ ಸೇರಿದರೆ ಡಾಸ್‌ಬಾಕ್ಸ್ ಒಂದು ಮಾತೂ ಕೇಳದೆ ಮುಚ್ಚಿಕೊಳ್ಳುತ್ತದೆ, ಉಳಿಸದ ಹಾಳೆಯ ಸಮೇತ.