ಹದಿಮೂರು ಕೊಳವೆಯ ಪುಟ್ಟ ಆರ್ಗನ್ ಕಿಟ್: ಒಬ್ಬ ಹಾರ್ಮೋನಿಯಂ ರಿಪೇರಿಯವನ ಅನುಭವ

ಹಾರ್ಮೋನಿಯಂ ರಿಪೇರಿ ನನ್ನ ಕೆಲಸ. ತಿದಿ, ಸ್ಪ್ರಿಂಗು, ಗಾಳಿ ಸೋರಿಕೆ ಎಲ್ಲ ಕೈಗೆ ಪಳಗಿದ್ದು. ಪೈಪ್ ಆರ್ಗನ್ನಿಗೆ ಕೈ ಹಾಕಿದ್ದು ಮಾತ್ರ ಇದೇ ಮೊದಲು. ಮೇಜಿನ ಮೇಲೆ ಕೂರುವ, ನಾವೇ ಜೋಡಿಸಿಕೊಳ್ಳಬೇಕಾದ ಕಿಟ್ ಇದು. 13 ಮರದ ಕೊಳವೆ, 13 ಕೀ, ಎರಡು ತಿದಿ, ಒಂದು ಗಾಳಿ ಪೆಟ್ಟಿಗೆ. ಜೋಡಿಸಲು 11 ಸಂಜೆ ಹಿಡಿಯಿತು.

ಕೊಳವೆಗಳು ಚೆನ್ನಾಗಿವೆ. ಹಾರ್ಮೋನಿಯಂನಲ್ಲಿ ಹಿತ್ತಾಳೆ ರೀಡ್ ನಡುಗಿ ಸ್ವರ ಬರುತ್ತದೆ. ಇಲ್ಲಿ ನಡುಗುವ ಲೋಹವೇ ಇಲ್ಲ. ಗಾಳಿ ಸಣ್ಣ ಸೀಳಿನಿಂದ ತೆಳ್ಳಗೆ ಹೊರಟು ಕೊಳವೆಯ ಮೇಲ್ತುಟಿಗೆ ಬಡಿಯುತ್ತದೆ, ಒಳಗೂ ಹೊರಗೂ ಓಲಾಡುತ್ತದೆ, ಕೊಳವೆಯೊಳಗಿನ ಗಾಳಿ ಅದರ ಜೊತೆ ಮಿಡಿಯುತ್ತದೆ. ಕೊಳಲು ನುಡಿಯುವುದೂ ಹೀಗೇ ಅಲ್ವಾ? ಎಲ್ಲ ಕೊಳವೆಗಳ ತಲೆಗೂ ಬಿರಡೆ ಇದೆ. ಹಾಗಾಗಿ ಅತಿ ಉದ್ದದ ಕೊಳವೆಯೂ ಸುಮಾರು ಒಂದು ಅಡಿಯಷ್ಟೇ. ತಲೆ ತೆರೆದಿದ್ದರೆ ಅದೇ ಸ್ವರಕ್ಕೆ ಎರಡು ಅಡಿ ಬೇಕಾಗುತ್ತಿತ್ತು. ಶ್ರುತಿ ಮಾಡುವುದು ಬಹಳ ಸುಲಭ. ರೀಡ್ ಆದರೆ ಅರದಿಂದ ಉಜ್ಜಬೇಕು, ಜಾಸ್ತಿ ಉಜ್ಜಿದರೆ ಕೆಟ್ಟಿತು. ಇಲ್ಲಿ ಬಿರಡೆ ಒಳಗೆ ತಳ್ಳಿದರೆ ಸ್ವರ ಏರುತ್ತದೆ, ಹೊರಗೆ ಎಳೆದರೆ ಇಳಿಯುತ್ತದೆ.

ನನಗೆ ತುಂಬಾ ಹಿಡಿಸಿದ್ದು ಗಾಳಿಯ ವ್ಯವಸ್ಥೆ. ಒಂದು ತಿದಿ ಗಾಳಿ ತುಂಬುತ್ತದೆ, ಇನ್ನೊಂದು ಹಿಡಿದಿಡುತ್ತದೆ. ಹಾರ್ಮೋನಿಯಂನಲ್ಲೂ ಒಳಗೊಂದು ತಿದಿ ಇರುತ್ತದೆ, ಆದರೆ ಅದನ್ನು ಒತ್ತುವುದು ಸ್ಪ್ರಿಂಗು. ತಿದಿ ಉಬ್ಬಿದಷ್ಟೂ ಸ್ಪ್ರಿಂಗಿನ ಒತ್ತಡ ಏರುತ್ತದೆ. ಇಲ್ಲಿ ತಿದಿಯ ಮೇಲೆ ಒಂದು ಕಿಲೋ ಕಬ್ಬಿಣ ಕೂರಿಸಿದ್ದಾರೆ. ತಿದಿ ಉಬ್ಬಿರಲಿ, ಕುಗ್ಗಿರಲಿ, ಭಾರ ಅಷ್ಟೇ. ಸ್ವರ ಅಲುಗುವುದಿಲ್ಲ. ಭಾರವನ್ನು ಎರಡು ಕಿಲೋ ಮಾಡಿ ನೋಡಿದೆ. ಎಲ್ಲ ಸ್ವರ ಮೇಲೇರಿತು. ಒಂದು ಕೊಳವೆಯಂತೂ ತನ್ನ ಷಡ್ಜ ಬಿಟ್ಟು ಮೇಲಿನ ಸ್ಥಾಯಿಯ ಪಂಚಮಕ್ಕೆ ಹಾರಿಬಿಟ್ಟಿತು. ತಲೆ ಮುಚ್ಚಿದ ಕೊಳವೆಯ ಗುಣವೇ ಅದು, ನಡುವಿನ ತಾರ ಷಡ್ಜ ಅದಕ್ಕೆ ಬರುವುದಿಲ್ಲ. ಆ ಸಂಜೆ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಇದಕ್ಕೇ ಜೊತೆಗೆ ಬಂದ ಪುಸ್ತಿಕೆಯ ಮೇಲೆ ಬೇಜಾರು. ಮೊದಲ ಆರ್ಗನ್ನಿನಲ್ಲಿ ನೀರು ಹರಿದು ಕೊಳವೆಗಳು ನುಡಿಯುತ್ತಿದ್ದವು ಎಂದು ಬರೆದಿದ್ದಾರೆ. ತಪ್ಪು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಅದನ್ನು ಮಾಡಿದ. ನೀರಿನ ತೊಟ್ಟಿಯಲ್ಲಿ ಮಗುಚಿ ಇಟ್ಟ ಪಾತ್ರೆಯೊಳಗೆ ಪಂಪಿನಿಂದ ಗಾಳಿ ತುಂಬುವುದು. ಆ ಗಾಳಿ ನೀರನ್ನು ಹೊರಗೆ ತಳ್ಳುತ್ತದೆ, ನೀರಿನ ಭಾರ ಗಾಳಿಯನ್ನು ಒತ್ತಿ ಹಿಡಿಯುತ್ತದೆ. ಕೊಳವೆಗೆ ಹೋಗುವುದು ಗಾಳಿ ಮಾತ್ರ. ಈ ಕಿಟ್ಟಿನ ಕಬ್ಬಿಣ ಮಾಡುವ ಕೆಲಸವನ್ನೇ ಅಲ್ಲಿ ನೀರು ಮಾಡುತ್ತಿತ್ತು. ಕಿಟ್ ಮಾಡಿದವರೇ ಇದನ್ನು ಹೇಳದಿದ್ದರೆ ಹೇಗೆ?

ಇನ್ನೊಂದು ತೊಂದರೆ. ಏಳನೇ ಕೀ ಬಿಟ್ಟರೂ ಸ್ವರ ನಿಲ್ಲುತ್ತಿರಲಿಲ್ಲ. ಆರ್ಗನ್ನಿನವರು ಇದಕ್ಕೆ ಸೈಫರ್ ಅನ್ನುತ್ತಾರೆ. ಗಾಳಿ ಪೆಟ್ಟಿಗೆ ಬಿಚ್ಚಿ ನೋಡಿದರೆ, ಕೀ ಕೆಳಗಿನ ಚರ್ಮದ ಮುಚ್ಚಳಕ್ಕೆ ಒಂದು ಚೂರು ಮರದ ಪುಡಿ ಅಂಟಿತ್ತು. ಜೋಡಿಸುವ ಮುಂಚೆ ಪ್ರತಿ ರಂಧ್ರವನ್ನೂ ಬ್ರಷ್ಷಿನಿಂದ ಒರೆಸಿ.

ದೊಡ್ಡ ಕೊರತೆ ಅಂದರೆ ಸ್ಟಾಪ್ (ಯಾವ ಸಾಲಿನ ಕೊಳವೆ ನುಡಿಯಬೇಕೆಂದು ಆರಿಸುವ ಹಿಡಿ) ಇಲ್ಲದಿರುವುದು. ಕೊಳವೆಗಳು ಒಂದೇ ಸಾಲು. ಎರಡು ಸಾಲು ಇಟ್ಟು, ತೂತು ಕೊರೆದ ಪಟ್ಟಿ ಎಳೆದರೆ ಒಂದು ಸಾಲಿಗೆ ಗಾಳಿ ತೆರೆಯುವ ಹಾಗೆ ಮಾಡಬಹುದಿತ್ತು. ಬುಡಾಪೆಸ್ಟ್‌ನ ಅಕ್ವಿಂಕಮ್‌ನಲ್ಲಿ 1931ರಲ್ಲಿ ಸಿಕ್ಕ ರೋಮನ್ನರ ಆರ್ಗನ್ ಕ್ರಿ.ಶ. 228ರದ್ದು. ಅದರಲ್ಲಿ ಸಾಲಿಗೆ 13ರಂತೆ ನಾಲ್ಕು ಸಾಲು, ಒಟ್ಟು 52 ಕೊಳವೆ. ನಮ್ಮ ಕಿಟ್ಟಿನಲ್ಲೂ 13 ಇದೆ, ಇನ್ನೊಂದು ಸಾಲು ಸೇರಿಸುವುದು ಕಷ್ಟವೇನಲ್ಲ. ತಯಾರಕರಿಗೆ ಪತ್ರ ಬರೆದಿದ್ದೇನೆ.

ಕೊಳ್ಳುವುದಾದರೆ ತಿದಿ ಒತ್ತಲು ಇನ್ನೊಬ್ಬರು ಬೇಕು ಅನ್ನುವುದು ನೆನಪಿರಲಿ. ಎರಡೂ ಕೈಯಲ್ಲಿ ನುಡಿಸುತ್ತಾ ಒತ್ತಲಾಗುವುದಿಲ್ಲ. ವಿದ್ಯುತ್ ಪಂಪು ಬರುವವರೆಗೆ ದೊಡ್ಡ ಆರ್ಗನ್‌ಗಳಿಗೂ ತಿದಿ ತುಳಿಯುವ ಆಳುಗಳು ಇರುತ್ತಿದ್ದರು. ನಮ್ಮಲ್ಲಿ ಆ ಕೆಲಸ ತಂಗಿಯ ಮಗಳದ್ದು. ಈಗ ಅವಳು ನುಡಿಸುತ್ತೇನೆ ಅಂತಾಳೆ, ನಾನು ತಿದಿಗೆ ಕೂರುತ್ತೇನೆ.