ಕಾಳುಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಪುಡಿ: ಎರಡು ಮಳೆಗಾಲದ ಬಳಕೆಯ ನಂತರ

ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಶೀಘ್ರ ಸೊರಗು ರೋಗಕ್ಕೆ ತುತ್ತಾಗಿ, ಹಸಿರಾಗಿದ್ದದ್ದು ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಒಣಗುವುದನ್ನು ನೋಡದ ತೋಟಿಗರು ಶಿರಸಿಯ ಸುತ್ತಮುತ್ತ ಇರಲಾರರು. ಈ ರೋಗವನ್ನು ತಡೆಯಲೆಂದು ಎರಡು ಮಳೆಗಾಲಗಳಿಂದ ಟ್ರೈಕೋಡರ್ಮಾ ಹಾರ್ಜಿಯಾನಂ ಶಿಲೀಂಧ್ರದ ಪುಡಿಯನ್ನು ಬಳಸುತ್ತಿದ್ದೇನೆ.

ಮೊದಲ ವರ್ಷ ಪೇಟೆಯ ಅಂಗಡಿಯೊಂದರಿಂದ ತಂದ ಪುಡಿ ಏನೂ ಪ್ರಯೋಜನಕ್ಕೆ ಬರಲಿಲ್ಲ. 90 ಕಿಲೋ ಕೊಟ್ಟಿಗೆ ಗೊಬ್ಬರ ಮತ್ತು 10 ಕಿಲೋ ಬೇವಿನ ಹಿಂಡಿಗೆ ಒಂದು ಕಿಲೋ ಪುಡಿ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿಚೀಲ ಮುಚ್ಚಿ ಹದಿನೈದು ದಿನ ಕಾದರೂ ರಾಶಿಯ ಮೇಲೆ ಟ್ರೈಕೋಡರ್ಮಾ ಬೆಳೆದಿದ್ದರ ಗುರುತಾದ ಹಸಿರು ಬೂಷ್ಟು ಕಾಣಿಸಲಿಲ್ಲ. ಬೇಸಿಗೆಯಲ್ಲಿ ತಗಡಿನ ಮಾಡಿನಡಿ ಬಿಸಿಗೆ ಬೆಂದ ಪೊಟ್ಟಣವಾಗಿದ್ದಿರಬೇಕು. ಮರುವರ್ಷ ಜೈವಿಕ ನಿಯಂತ್ರಣ ಪ್ರಯೋಗಾಲಯವೊಂದರಿಂದ, ತಯಾರಿಕೆಯಾಗಿ ತಿಂಗಳೂ ಕಳೆಯದ ಪುಡಿಯನ್ನು ತಂದೆ. ಎಂಟನೆಯ ದಿನಕ್ಕೆ ರಾಶಿಯ ಮೇಲ್ಪದರವೆಲ್ಲ ಹಸಿರುಗಟ್ಟಿತ್ತು. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕೆಂಬುದು ನಿಯಮವಾದರೂ ಅದನ್ನು ಎಣಿಸುವ ಸಾಧನ ನಮ್ಮ ಬಳಿ ಇಲ್ಲ. ಆದ್ದರಿಂದ ತಯಾರಿಕೆಯ ದಿನಾಂಕವನ್ನೂ ಈ ಹಸಿರನ್ನೂ ನೋಡಿಯೇ ನಾನು ಪುಡಿಯ ಬೆಲೆ ಕಟ್ಟುವುದು.

ಪೊಟ್ಟಣದ ಮೇಲಿನ ವಿವರಣೆಯ ಬಗ್ಗೆ ನನಗೊಂದು ಆಕ್ಷೇಪವಿದೆ. ಈ ಶಿಲೀಂಧ್ರವು ಕೈಟಿನೇಸ್ ಎಂಬ ಕಿಣ್ವದಿಂದ ರೋಗಾಣುವಿನ ಕೋಶಭಿತ್ತಿಯನ್ನು ಕರಗಿಸುತ್ತದೆ ಎಂದಷ್ಟೇ ಅಲ್ಲಿ ಬರೆದಿದೆ. ಸ್ಕ್ಲೆರೋಷಿಯಂ, ರೈಜಾಕ್ಟೋನಿಯಾದಂಥ ರೋಗಕಾರಕ ಶಿಲೀಂಧ್ರಗಳ ಮಟ್ಟಿಗೆ ಆ ಮಾತು ಸಲ್ಲುತ್ತದೆ, ಏಕೆಂದರೆ ಈ ಕಿಣ್ವ ಕರಗಿಸುವ ಕೈಟಿನ್ ಎಂಬ ವಸ್ತು ಅವುಗಳ ಭಿತ್ತಿಯಲ್ಲಿ ಇದೆ. ಶೀಘ್ರ ಸೊರಗಿಗೆ ಕಾರಣವಾದ ಫೈಟಾಫ್ತೊರಾ ಕ್ಯಾಪ್ಸಿಸಿ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಭಿತ್ತಿ ಮುಖ್ಯವಾಗಿ ಗ್ಲೂಕಾನ್ ಮತ್ತು ಸೆಲ್ಯುಲೋಸಿನಿಂದ ಆದದ್ದು. ಅದನ್ನು ಸಡಿಲಿಸಲು ಟ್ರೈಕೋಡರ್ಮಾದ ಗ್ಲೂಕನೇಸ್ ಮತ್ತು ಸೆಲ್ಯುಲೇಸ್ ಕಿಣ್ವಗಳು ಬೇಕು. ಇದಲ್ಲದೆ ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ರೋಗಾಣುವಿಗಿಂತ ಮೊದಲೇ ಹಿಡಿದುಕೊಳ್ಳುವುದು ಟ್ರೈಕೋಡರ್ಮಾದ ದೊಡ್ಡ ಶಕ್ತಿ. ಹೀಗಾಗಿ ಇದು ರೋಗ ಬರುವ ಮೊದಲು ಹಾಕಬೇಕಾದ ವಸ್ತು. ಬುಡ ಕಪ್ಪಾಗಿ ಎಲೆ ಜೋತುಬಿದ್ದ ಮೂರು ಬಳ್ಳಿಗಳಿಗೂ ಆಸೆಯಿಂದ ಹಾಕಿ ನೋಡಿದೆ, ಒಂದೂ ಉಳಿಯಲಿಲ್ಲ. ಆದರೆ ಮುಂಗಾರಿನ ಮೊದಲೇ ಗೊಬ್ಬರ ಪಡೆದ ಸಾಲುಗಳಲ್ಲಿ ಸೊರಗು ಹಿಂದಿನ ವರ್ಷಕ್ಕಿಂತ ಸ್ಪಷ್ಟವಾಗಿ ಕಡಿಮೆಯಾಯಿತು. ಅದೇ ವರ್ಷ ಬಸಿಗಾಲುವೆಯನ್ನೂ ಆಳ ಮಾಡಿಸಿದ್ದರಿಂದ ಶ್ರೇಯಸ್ಸೆಲ್ಲ ಪುಡಿಯದೆಂದು ನಾನು ಹೇಳಲಾರೆ.

ಅಡಿಕೆ ತೋಟದವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬಳಕೆಗೆ ತಂದ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಇಂದಿಗೂ ನಮಗೆ ಅನಿವಾರ್ಯ. ಆದರೆ ಅದರಲ್ಲಿನ ತಾಮ್ರ ಟ್ರೈಕೋಡರ್ಮಾಕ್ಕೂ ವಿಷವೇ. ಅಡಿಕೆ ಗೊನೆಗೆ ಹೊಡೆದ ಮದ್ದು ಮಳೆಯೊಡನೆ ತೊಟ್ಟಿಕ್ಕಿ ಮೆಣಸಿನ ಬುಡಕ್ಕೇ ಬೀಳುತ್ತದೆ. ಈ ಬಗ್ಗೆ ಪೊಟ್ಟಣದಲ್ಲಿ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ. ನಾನು ಮದ್ದು ಹೊಡೆಯುವುದಕ್ಕೂ ಈ ಗೊಬ್ಬರ ಹಾಕುವುದಕ್ಕೂ ನಡುವೆ ಮೂರು ವಾರಗಳ ಅಂತರವಿಟ್ಟು, ಗೊಬ್ಬರದ ಮೇಲೆ ದಪ್ಪವಾಗಿ ದರಕು (ಒಣಗಿದ ಎಲೆ) ಹೊದೆಸುತ್ತೇನೆ. ಈ ಸಲವೂ ಅದೇ ಪ್ರಯೋಗಾಲಯಕ್ಕೆ ಐದು ಕಿಲೋ ಪುಡಿ ಬೇಕೆಂದು ಹೇಳಿಟ್ಟಿದ್ದೇನೆ; ಮೇ ಮೊದಲ ವಾರದಲ್ಲಿ ಹೊಸದಾಗಿ ತಯಾರಾದದ್ದನ್ನೇ ಕೊಡುವುದಾಗಿ ಅವರು ಒಪ್ಪಿದ್ದಾರೆ.